ಎಣ್ಣೆ ಯಾವುದು, ಅಪಾಯ ಯಾರದು?

ಡೀಸೆಲಿನ ಬೆಲೆ ಏರಿದಾಗಲೆಲ್ಲ ನಮ್ಮ ಪೇಟೆಯಲ್ಲಿ ಒಂದು ಮಾತು ಹುಟ್ಟುತ್ತದೆ. ಹೊಂಗೆಯೆಣ್ಣೆಯಿಂದ ಲಾರಿ ಓಡುತ್ತದಂತೆ, ಹೋಟೆಲಿನಲ್ಲಿ ಬೋಂಡ ಕರಿದು ಉಳಿದ ಎಣ್ಣೆಯಿಂದ ಬಸ್ಸು ನಡೆಯುತ್ತದಂತೆ, ಅದಕ್ಕೆ ಬಯೋಡೀಸೆಲ್ ಎಂದು ಹೆಸರಂತೆ, ಡೀಸೆಲಿಗಿಂತ ಅಗ್ಗವಂತೆ. ಮಾತಿನ ಬೆನ್ನಿಗೇ ಸಂಶಯವೂ ಹುಟ್ಟುತ್ತದೆ. ಎಂಜಿನು ಕೆಡುವುದಿಲ್ಲವೆ? ಬೆಂಕಿ ಹತ್ತುವುದಿಲ್ಲವೆ? ಸಾಲ ಮಾಡಿ ಸರಕಿನ ಗಾಡಿ ಕೊಂಡ ವ್ಯಾಪಾರಿಗೂ, ಗಿರಣಿಯ ಜನರೇಟರಿನ ಪಕ್ಕದಲ್ಲಿ ನಿಂತು ದುಡಿಯುವ ಕಾರ್ಮಿಕನಿಗೂ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಅನ್ನದ ಪ್ರಶ್ನೆ, ಒಮ್ಮೊಮ್ಮೆ ಪ್ರಾಣದ ಪ್ರಶ್ನೆ.

ಇದಕ್ಕೆ ಇಬ್ಬರು ಎರಡು ಉತ್ತರ ಕೊಡುತ್ತಾರೆ. ಮಾರುವವನು 'ಏನೂ ಅಪಾಯವಿಲ್ಲ' ಎನ್ನುತ್ತಾನೆ. ಹೆದರಿದವನು 'ಮುಟ್ಟಲೇಬೇಡಿ' ಎನ್ನುತ್ತಾನೆ. ಎರಡೂ ಅರ್ಧ ಸತ್ಯಗಳು. ಸಾಚಾ ಜೈವಿಕ ಡೀಸೆಲ್ ಗಾಡಿಯ ಟ್ಯಾಂಕಿನಲ್ಲಿರುವಾಗ ಮಾಮೂಲು ಡೀಸೆಲಿಗಿಂತ ಕಡಿಮೆ ಅಪಾಯದ್ದು. ಅಪಾಯವಿರುವುದು ಅದನ್ನು ತಯಾರಿಸುವ ಶೆಡ್ಡಿನಲ್ಲಿ, ಅದರ ಹೆಸರು ಹೇಳಿ ಮಾರುವ ಖೋಟಾ ಮಾಲಿನಲ್ಲಿ, ಮತ್ತು ಅದಕ್ಕಾಗಿ ಬಡವನ ಬಾಣಲೆಯ ಎಣ್ಣೆಗೆ ಕೈ ಹಾಕುವ ಯೋಜನೆಗಳಲ್ಲಿ. ಈ ಮೂರು ಅಪಾಯಗಳೂ ಎಣ್ಣೆಯ ಗುಣದಿಂದ ಬಂದವುಗಳಲ್ಲ. ವ್ಯವಸ್ಥೆಯ ದೋಷದಿಂದ ಬಂದವು. ಆದ್ದರಿಂದಲೇ ಅವನ್ನು ತಪ್ಪಿಸುವುದು ಸಾಧ್ಯ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಎಣ್ಣೆಯಿಂದ ಎಂಜಿನು ನಡೆಸುವುದು ಹೊಸ ವಿದ್ಯೆಯಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲನ ಎಂಜಿನು ಯಶಸ್ವಿಯಾಗಿ ನಡೆದದ್ದು 1897ರಲ್ಲಿ. ಮೂರೇ ವರ್ಷಗಳಲ್ಲಿ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ, ಆ ಬಗೆಯ ಒಂದು ಸಣ್ಣ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಆಫ್ರಿಕದ ತನ್ನ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದ ಅಲ್ಲಿಯೇ ಯಂತ್ರ ನಡೆಸಬಹುದೇ ಎಂದು ಫ್ರೆಂಚ್ ಸರಕಾರ ಯೋಚಿಸುತ್ತಿತ್ತು. ಆಮೇಲೆ ಭೂಮಿಯ ಎಣ್ಣೆ ಅಗ್ಗವಾಗಿ ದೊರೆಯಿತು. ಬೀಜದ ಎಣ್ಣೆ ಮೂಲೆಗೆ ಸೇರಿತು.

ಆದರೆ ಗಾಣದಿಂದ ಬಂದ ಎಣ್ಣೆಯನ್ನು ಹಾಗೆಯೇ ಇಂದಿನ ಲಾರಿಗೆ ಸುರಿಯುವಂತಿಲ್ಲ. ಅದು ಡೀಸೆಲಿಗಿಂತ ಸುಮಾರು ಹತ್ತು ಪಾಲು ಮಂದ. ಎಂಜಿನಿನೊಳಕ್ಕೆ ಸಿಂಪಡಿಸುವ ಸಣ್ಣ ರಂಧ್ರಗಳಲ್ಲಿ ಅದು ಸರಿಯಾಗಿ ಹನಿಯೊಡೆಯುವುದಿಲ್ಲ. ಅರೆಬೆಂದ ಇದ್ದಿಲು ಕಟ್ಟಿಕೊಳ್ಳುತ್ತದೆ. ಈ ಮಂದವನ್ನು ಕಳೆಯುವ ಉಪಾಯಕ್ಕೆ 1937ರಲ್ಲಿ ಬೆಲ್ಜಿಯಂನ ಶವಾನ್ ಎಂಬ ವಿಜ್ಞಾನಿ ಪೇಟೆಂಟ್ ಪಡೆದ. ಎಣ್ಣೆಯನ್ನು ಮದ್ಯಸಾರದೊಡನೆ ಕ್ರಿಯೆಗೆ ಒಳಪಡಿಸಿದರೆ ಅದರೊಳಗಿನ ಗ್ಲಿಸರಿನ್ ಬೇರೆಯಾಗಿ ತಳಕ್ಕಿಳಿಯುತ್ತದೆ. ಮೇಲೆ ತೆಳುವಾದ, ಡೀಸೆಲಿನಂತೆ ಹರಿಯುವ ಇಂಧನ ನಿಲ್ಲುತ್ತದೆ. 1938ರಲ್ಲಿ ಬ್ರಸೆಲ್ಸ್ ಮತ್ತು ಲೂವೆನ್ ನಗರಗಳ ನಡುವೆ ಇಂಥ ತಾಳೆಯೆಣ್ಣೆಯ ಇಂಧನದಿಂದ ಪ್ರಯಾಣಿಕರ ಬಸ್ಸು ಓಡಿತು. ಇಂದು ನಾವು ಜೈವಿಕ ಡೀಸೆಲ್ ಎನ್ನುವುದು ಇದನ್ನೇ. ಈಗ ಸಾಮಾನ್ಯವಾಗಿ ಬಳಸುವ ಮದ್ಯಸಾರ ಮೆಥನಾಲ್. ನೂರು ಕಿಲೋ ಎಣ್ಣೆ, ಹತ್ತು ಹನ್ನೊಂದು ಕಿಲೋ ಮೆಥನಾಲ್, ಕ್ರಿಯೆ ನಡೆಯಲು ಸ್ವಲ್ಪ ಕಾಸ್ಟಿಕ್ ಸೋಡ: ಇವುಗಳಿಂದ ಸುಮಾರು ನೂರು ಕಿಲೋ ಇಂಧನ, ಹತ್ತು ಕಿಲೋ ಗ್ಲಿಸರಿನ್. ಪೆಟ್ರೋಲಿಗೆ ಬೆರೆಸುವ ಎಥನಾಲ್ ಇದಲ್ಲ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಇನ್ನು ಬೆಂಕಿಯ ಮಾತು. ಎಣ್ಣೆಯನ್ನು ಮೆಲ್ಲಗೆ ಕಾಯಿಸುತ್ತ ಹೋದರೆ ಯಾವ ಉಷ್ಣದಲ್ಲಿ ಅದರ ಆವಿ ಕಿಡಿ ಸೋಕಿದೊಡನೆ ಭಗ್ಗೆನ್ನುವುದೋ ಅದನ್ನು ಅದರ ಜ್ವಲನಾಂಕವೆನ್ನುತ್ತಾರೆ. ಪೆಟ್ರೋಲಿನದು ಸೊನ್ನೆಗಿಂತ ಬಹಳ ಕೆಳಗೆ. ಎಂಥ ಚಳಿಯಲ್ಲೂ ಅದು ಹೊತ್ತಿಕೊಳ್ಳಬಲ್ಲದು. ಡೀಸೆಲಿಗೆ ನಮ್ಮ ದೇಶದ ಮಾನಕ ವಿಧಿಸಿರುವ ಕನಿಷ್ಠ ಮಟ್ಟ 35 ಡಿಗ್ರಿ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲು ಅದನ್ನು ಮೀರುತ್ತದೆ. ಶುದ್ಧ ಜೈವಿಕ ಡೀಸೆಲಿನ ಜ್ವಲನಾಂಕವಾದರೋ 100 ಡಿಗ್ರಿಗೂ ಮೇಲೆ. ಟ್ಯಾಂಕು ಒಡೆದು ರಸ್ತೆಗೆ ಚೆಲ್ಲಿದರೆ ಡೀಸೆಲಿನಷ್ಟು ಸುಲಭವಾಗಿ ಅದು ಉರಿಯುವುದಿಲ್ಲ. ಮಣ್ಣಿಗೆ ಸೇರಿದರೆ ಬೇಗ ಕೊಳೆಯುತ್ತದೆ. ಆದರೂ ಅದು ಎಣ್ಣೆಯೇ ಹೊರತು ನೀರಲ್ಲ. ಕಾದ ಸೈಲೆನ್ಸರಿನ ಮೇಲೆ ಬಿದ್ದರೆ ಉರಿದೀತು. ಎಣ್ಣೆಯೊರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿದರೆ ತಾವಾಗಿಯೇ ಕಾವೇರಿ ಹೊತ್ತಿಕೊಳ್ಳುವುದೂ ಉಂಟು. ಅಂಥ ಬಟ್ಟೆಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡುವುದು ಪ್ರತಿ ಗ್ಯಾರೇಜಿನ ರೂಢಿಯಾಗಬೇಕು.

ಹೊಗೆಯ ವಿಷಯದಲ್ಲಿಯೂ ಲಾಭವುಂಟು. 2002ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ಕಾಲದ ದೊಡ್ಡ ಎಂಜಿನುಗಳ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿತು. ಶುದ್ಧ ಜೈವಿಕ ಡೀಸೆಲ್ ಸುಟ್ಟಾಗ ಹೊಗೆಯ ಕಣಗಳು ಶೇಕಡಾ 47ರಷ್ಟು, ಕಾರ್ಬನ್ ಮೊನಾಕ್ಸೈಡ್ ಶೇಕಡಾ 48ರಷ್ಟು ತಗ್ಗಿದವು. ಸಾರಜನಕದ ಆಕ್ಸೈಡುಗಳು ಮಾತ್ರ ಶೇಕಡಾ 10ರಷ್ಟು ಹೆಚ್ಚಿದವು. ದಿನವಿಡೀ ಜನರೇಟರಿನ ಹೊಗೆ ಕುಡಿಯುವ ಮಗ್ಗದ ಕೆಲಸಗಾರನ ಶ್ವಾಸಕೋಶಕ್ಕೆ ಈ ಅಂಕಿಗಳ ಅರ್ಥ ಚೆನ್ನಾಗಿ ಗೊತ್ತು.

ಎಂಜಿನಿನ ಸಂಶಯವನ್ನೂ ಬಗೆಹರಿಸಬೇಕು. 2020ರ ಏಪ್ರಿಲಿನಿಂದ ದೇಶದಾದ್ಯಂತ ಮಾರುತ್ತಿರುವ ಡೀಸೆಲಿನಲ್ಲಿ ಶೇಕಡಾ 7ರ ವರೆಗೆ ಜೈವಿಕ ಡೀಸೆಲ್ ಬೆರೆಸಲು ಮಾನಕದಲ್ಲಿ ಅವಕಾಶವಿದೆ. ಅಷ್ಟಕ್ಕೆ ಯಾರೂ ಅಂಜಬೇಕಾಗಿಲ್ಲ. ಅದನ್ನು ಮೀರಿ ಬಳಸಬೇಕಾದರೆ ಗಾಡಿ ತಯಾರಕರ ಒಪ್ಪಿಗೆ ಇದೆಯೇ ಎಂದು ನೋಡಿಕೊಳ್ಳಬೇಕು. ಜೈವಿಕ ಡೀಸೆಲ್ ಒಳ್ಳೆಯ ಕರಗಿಸುವ ದ್ರವ. ಹಳೆಯ ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿನಲ್ಲಿ ತುಂಬುತ್ತದೆ. ಮೊದಲ ದಿನಗಳಲ್ಲಿ ಫಿಲ್ಟರು ಬದಲಾಯಿಸಬೇಕಾಗುತ್ತದೆ. ಹಳೆಯ ಗಾಡಿಗಳ ಸಹಜ ರಬ್ಬರಿನ ಕೊಳವೆಗಳು ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ತಾಮ್ರ, ಹಿತ್ತಾಳೆ, ಸತುವಿಗೆ ಅದು ಆಗಿಬರುವುದಿಲ್ಲ. ತಿಂಗಳುಗಟ್ಟಲೆ ಇಟ್ಟರೆ ಗಾಳಿ, ತೇವ ತಗುಲಿ ಕೆಡುತ್ತದೆ. ಒಂದು ಲೀಟರಿನಲ್ಲಿರುವ ಶಕ್ತಿಯೂ ಡೀಸೆಲಿಗಿಂತ ಶೇಕಡಾ 8ರಷ್ಟು ಕಡಿಮೆ. ಲೀಟರಿಗೆ ಎರಡು ರೂಪಾಯಿ ಉಳಿಯಿತೆಂದು ಹಿಗ್ಗುವ ಮೊದಲು ಎಷ್ಟು ಮೈಲಿ ಓಡಿತೆಂಬ ಲೆಕ್ಕವನ್ನೂ ಹಾಕಬೇಕು. ಇವೆಲ್ಲ ತಿಳಿದು ನಡೆದರೆ ಸಂಭಾಳಿಸಬಹುದಾದ ತೊಂದರೆಗಳು.

ಹಾಗಾದರೆ ನಿಜವಾದ ಅಪಾಯವೆಲ್ಲಿ? ಮೊದಲನೆಯದು ತಯಾರಿಕೆಯ ಶೆಡ್ಡು.

ಈ ಇಂಧನವನ್ನು ಮಾಡುವುದು ಕಷ್ಟವಲ್ಲ. ಎರಡು ಪೀಪಾಯಿ, ಒಂದು ಪಂಪು ಇದ್ದರೆ ಯಾರಾದರೂ ಮಾಡಬಲ್ಲರು. ಈ ಸುಲಭವೇ ಮುಳುವಾಗುತ್ತದೆ. ಮೆಥನಾಲಿನ ಜ್ವಲನಾಂಕ ಸುಮಾರು 11 ಡಿಗ್ರಿ. ಮೈಸೂರು ಸೀಮೆಯ ಧನುರ್ಮಾಸದ ಬೆಳಗಿನಲ್ಲೂ ಅದರ ಆವಿ ಕಿಡಿಗೆ ಕಾದು ಕೂತಿರುತ್ತದೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮೈಗೆ ಸುಟ್ಟಾಗಲೇ ಬೆಂಕಿಯೆಂದು ತಿಳಿಯುವುದು. ಅದು ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹಕ್ಕೆ ಇಳಿಯುವ ವಿಷ. ಕೆಲವೇ ಚಮಚ ಹೊಟ್ಟೆಗೆ ಸೇರಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ನಮ್ಮ ನಾಡಿಗೆ ಈ ವಿಷ ಅಪರಿಚಿತವೇನಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಗಳು, ಬಡವರು. ಸಾರಾಯಿಯಲ್ಲಿ ಬೆರೆತಿದ್ದುದು ಇದೇ ಮೆಥನಾಲ್. 2022ರ ಜುಲೈಯಲ್ಲಿ ಗುಜರಾತಿನ ಬೋಟಾದ್ ಜಿಲ್ಲೆಯ ಹಳ್ಳಿಗಳಲ್ಲಿ 40ಕ್ಕೂ ಹೆಚ್ಚು ಜನ ಹೀಗೆಯೇ ಸತ್ತಾಗ, ಕೈಗಾರಿಕೆಗೆಂದು ಇಟ್ಟಿದ್ದ ಮೆಥನಾಲ್ ಗೋದಾಮಿನಿಂದ ಕದ್ದು ಹೊರಬಿದ್ದಿತ್ತು. ಲೆಕ್ಕವಿಲ್ಲದ ಮೆಥನಾಲ್ ಪೀಪಾಯಿ ಎಲ್ಲಿದ್ದರೂ ಅದರ ಕೊನೆಯ ಗಿರಾಕಿ ಬಡವನೇ ಎಂಬುದನ್ನು ನಾವು ಮರೆಯಬಾರದು.

ಊರಿನ ನಡುವಿನ ತಗಡಿನ ಶೆಡ್ಡಿನಲ್ಲಿ, ಗಾಳಿಯಾಡದ ಕಡೆ, ಕೈಗವಸಿಲ್ಲದೆ, ಪಕ್ಕದಲ್ಲಿಯೇ ವೆಲ್ಡಿಂಗ್ ನಡೆಯುತ್ತಿರಲು, ದಿನಗೂಲಿಯ ಹುಡುಗನಿಂದ ಈ ಕೆಲಸ ಮಾಡಿಸಿದರೆ ಆಗುವ ಅನಾಹುತವನ್ನು ಊಹಿಸಬಹುದು. ಕ್ರಿಯೆ ಪೂರ್ತಿಯಾಗಲೆಂದು ಮೆಥನಾಲನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಹಾಕುತ್ತಾರೆ. ಮಿಕ್ಕದ್ದನ್ನು ಭಟ್ಟಿಯಿಳಿಸಿ ಮರಳಿ ಪಡೆಯುವುದು ಕ್ರಮ. ಲೋಭಿಯಾದ ಮಾಲೀಕ ಆ ಖರ್ಚನ್ನು ಉಳಿಸಿದರೆ ಉಳಿಕೆ ಮೆಥನಾಲ್ ಇಂಧನದಲ್ಲಿಯೇ ನಿಲ್ಲುತ್ತದೆ. ಅದು ಸ್ವಲ್ಪವಿದ್ದರೂ ಸಾಕು, ನೂರರ ಮೇಲಿರಬೇಕಾದ ಜ್ವಲನಾಂಕ ದಡದಡನೆ ಕೆಳಗಿಳಿಯುತ್ತದೆ. ತಳದ ಗ್ಲಿಸರಿನ್ನಿನಲ್ಲಿಯೂ ಅದು ಸೇರಿರುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಊರ ಕೆರೆಗೆ ಕೇಡು. ಶೆಡ್ಡಿನಲ್ಲಿ ಕೂಲಿಗಾರನ ರಕ್ಷಣೆಗೆ ಖರ್ಚು ಮಾಡದವನು ಗಿರಾಕಿಯ ರಕ್ಷಣೆಗೂ ಮಾಡುವುದಿಲ್ಲ. ಕಾರ್ಮಿಕನ ಹಿತವೂ ವ್ಯಾಪಾರಿಯ ಹಿತವೂ ಇಲ್ಲಿ ಒಂದೇ.

ಎರಡನೆಯ ಅಪಾಯ ಖೋಟಾ ಮಾಲು. ಡೀಸೆಲಿನ ಮೇಲೆ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಭಾರವಾಗಿ ಬೀಳುತ್ತವೆ. ಜೈವಿಕ ಡೀಸೆಲ್ ಸರಕು ಮತ್ತು ಸೇವಾ ತೆರಿಗೆಗೆ ಸೇರಿದ್ದು. ಈ ಅಂತರದಲ್ಲಿ ಲಾಭದ ಕಿಂಡಿಯೊಂದು ತೆರೆದುಕೊಂಡಿತು. 2019ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ, ಡೀಸೆಲಿಗೆ ಬೆರೆಸುವುದಕ್ಕಾಗಿ ಶುದ್ಧ ಜೈವಿಕ ಡೀಸೆಲನ್ನು ಮಾರುವ ಬಗ್ಗೆ ನಿಯಮಾವಳಿ ಹೊರಡಿಸಿತು. ಅದಾದ ಮೇಲೆ, 2020 ಮತ್ತು 2021ರಲ್ಲಿ, ಗುಜರಾತಿನ ಹೆದ್ದಾರಿಗಳ ಬದಿಯಲ್ಲಿ 'ಬಯೋಡೀಸೆಲ್' ಪಂಪುಗಳು ಅಣಬೆಯಂತೆ ಎದ್ದವು. ಪೋಲೀಸರು ದಾಳಿ ಮಾಡಿ ನೋಡಿದಾಗ ಅನೇಕ ಕಡೆ ಸಿಕ್ಕಿದ್ದು ಬೀಜದ ಎಣ್ಣೆಯಿಂದ ಮಾಡಿದ ಇಂಧನವೇ ಅಲ್ಲ. ಕೈಗಾರಿಕೆಯ ದ್ರಾವಕಗಳು ಮತ್ತು ಹೊರದೇಶದಿಂದ ತರಿಸಿದ ಅಗ್ಗದ ಖನಿಜ ತೈಲಗಳು.

ಇದರಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. 1934ರ ಪೆಟ್ರೋಲಿಯಂ ಕಾಯಿದೆ ಎಣ್ಣೆಗಳನ್ನು ಜ್ವಲನಾಂಕದ ಮೇಲೆ ಮೂರು ವರ್ಗ ಮಾಡಿದೆ: 23 ಡಿಗ್ರಿಗಿಂತ ಕೆಳಗಿನವು, 23ರಿಂದ 65ರ ವರೆಗಿನವು, 65ರಿಂದ 93ರ ವರೆಗಿನವು. ಶುದ್ಧ ಜೈವಿಕ ಡೀಸೆಲ್ ಈ ಮೂರರ ಆಚೆ ನಿಲ್ಲುತ್ತದೆ. ನಿರಪಾಯವಾದ ವಸ್ತುವಿಗೆ ಕಟ್ಟುಪಾಡು ಸಡಿಲವಾಗಿರುವುದು ನ್ಯಾಯವೇ. ಆದರೆ ಆ ಸಡಿಲಿಕೆಯ ಮರೆಯಲ್ಲಿ ಕುಳಿತು ಮಾರುವ ದ್ರಾವಕಕ್ಕೆ ಈ ಗುಣವಿಲ್ಲ. ಸಾಚಾ ಎಣ್ಣೆಯ ಒಳ್ಳೆಯ ಹೆಸರೇ ಖೋಟಾ ಎಣ್ಣೆಗೆ ಪರವಾನಗಿಯಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಹೇಳಿದ್ದು ಇಂಥದಕ್ಕೇ. ಇದನ್ನು ತುಂಬಿಸಿಕೊಂಡ ಲಾರಿಯ ಎಂಜಿನು ಸವೆದರೆ ನಷ್ಟ ಸಾಲಗಾರನಾದ ಮಾಲೀಕನಿಗೆ; ಬೆಂಕಿ ಬಿದ್ದರೆ ಸುಡುವುದು ಡ್ರೈವರು ಮತ್ತು ಕ್ಲೀನರು. ದ್ರಾವಕ ತರಿಸಿದ ದೊಡ್ಡ ಕುಳ ಮಾತ್ರ ಎಲ್ಲಿಯೂ ಸುಡುವುದಿಲ್ಲ.

ಮೂರನೆಯದು ಅಡುಗೆಮನೆಯ ಅಪಾಯ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಅದರಲ್ಲಿ ತಾಳೆಯೆಣ್ಣೆಯದೇ ದೊಡ್ಡ ಪಾಲು, ಇಂಡೋನೇಷ್ಯವೇ ಮುಖ್ಯ ಮೂಲ. ಆ ದೇಶ 2020ರಲ್ಲಿ ತನ್ನ ಡೀಸೆಲಿಗೆ ಶೇಕಡಾ 30ರಷ್ಟು ತಾಳೆಯೆಣ್ಣೆಯ ಇಂಧನ ಬೆರೆಸುವುದನ್ನು ಕಡ್ಡಾಯ ಮಾಡಿತು. 2023ರಲ್ಲಿ 35ಕ್ಕೆ, 2025ರಲ್ಲಿ 40ಕ್ಕೆ ಏರಿಸಿತು. 2022ರಲ್ಲಿ ಅಲ್ಲಿಯ ಜನರಿಗೇ ಅಡುಗೆಯೆಣ್ಣೆ ದುಬಾರಿಯಾಗಿ, ಏಪ್ರಿಲ್ 28ರಿಂದ ಮೇ 23ರ ವರೆಗೆ ತಾಳೆಯೆಣ್ಣೆಯ ರಫ್ತನ್ನೇ ಸರಕಾರ ನಿಲ್ಲಿಸಿತು. ಆ ವರ್ಷ ಯುಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಗೂ ಅಡ್ಡಿ ಬಂದಿತ್ತು. ನಮ್ಮ ಊರಿನ ಕಿರಾಣಿ ಅಂಗಡಿಯವನಿಗೂ ಮಿರ್ಚಿ ಗಾಡಿಯವಳಿಗೂ ಅದರ ಬಿಸಿ ತಟ್ಟಿದ್ದು ನೆನಪಿರಬೇಕು. ಟ್ಯಾಂಕಿಗೂ ಬಾಣಲೆಗೂ ಒಂದೇ ಎಣ್ಣೆಗಾಗಿ ಸ್ಪರ್ಧೆ ಹತ್ತಿದರೆ ಗೆಲ್ಲುವುದು ಟ್ಯಾಂಕೇ. ಏಕೆಂದರೆ ಅದರ ಹಿಂದೆ ಹಣವಿದೆ.

ತಿನ್ನದ ಎಣ್ಣೆಯ ಹೆಸರಿನಲ್ಲಿಯೂ ನಾವು ಒಮ್ಮೆ ಮೋಸಹೋಗಿದ್ದೇವೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಗಿಡವನ್ನು ದೇಶದ ಪಾಳುಭೂಮಿಯಲ್ಲೆಲ್ಲ ಬೆಳೆಸಬೇಕೆಂದು ಹೇಳಿತು. ನಮ್ಮಲ್ಲಿ ಬೇಲಿಗೆ ನೆಡುವ ಕಾಡುಹರಳು ಅದೇ. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಡೀಸೆಲಿನಲ್ಲಿ ಶೇಕಡಾ 20 ಬೆರೆಸುವ ಗುರಿಯಿಟ್ಟಿತು. ನೀರು ಗೊಬ್ಬರ ಕಾಣದ ನೆಲದಲ್ಲಿ ಗಿಡ ಹೇಳಿದಷ್ಟು ಬೀಜ ಕೊಡಲಿಲ್ಲ. ಕಾಗದದ ಮೇಲೆ ಪಾಳುಭೂಮಿಯಾಗಿದ್ದುದು ಹಳ್ಳಿಯಲ್ಲಿ ದನ ಕುರಿ ಮೇಯುವ ಗೋಮಾಳ. ಅದರ ಬೀಜ ವಿಷವಾದುದರಿಂದ ಮಕ್ಕಳು ತಿಂದರೆ ಆಸ್ಪತ್ರೆಗೆ ಓಡಬೇಕು. 2018ರ ಹೊಸ ನೀತಿ ಗುರಿಯನ್ನು 2030ಕ್ಕೆ ಶೇಕಡಾ 5 ಎಂದು ಇಳಿಸಿತು. 2024ರ ವರೆಗೂ ದೇಶ ಶೇಕಡಾ 1ನ್ನೂ ಮುಟ್ಟಿರಲಿಲ್ಲ. ದಿಲ್ಲಿಯಲ್ಲಿ ಕುಳಿತು ಗಿಡ ನೆಟ್ಟರೆ ಹಳ್ಳಿಯಲ್ಲಿ ಎಣ್ಣೆ ಸುರಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆಯೂ ಜೈವಿಕ ಡೀಸೆಲನ್ನು ಕೈಬಿಡಬೇಕೆಂಬುದು ನಮ್ಮ ವಾದವಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಗಾದೆಯ ಮೂರ್ಖರು ನಾವಾಗಬಾರದು. ನಮ್ಮ ಕೈಯಳತೆಯಲ್ಲಿ ಎರಡು ಎಣ್ಣೆಗಳಿವೆ. ಒಂದು ಹೊಂಗೆ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಮರ; ಬೀಜದಲ್ಲಿ ಮೂರರಲ್ಲೊಂದು ಪಾಲಿನಷ್ಟು ಎಣ್ಣೆ; ಹಿಂಡಿ ಒಳ್ಳೆಯ ಗೊಬ್ಬರ. ಯಾರೂ ಅದನ್ನು ಒಗ್ಗರಣೆಗೆ ಹಾಕುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯಿಂದಲೇ ಎಂಜಿನು ನಡೆಸಿ ಹಳ್ಳಿಯ ಪಂಪುಗಳಿಗೆ ವಿದ್ಯುತ್ತು ಒದಗಿಸಿ ತೋರಿಸಿದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಜೈವಿಕ ಇಂಧನ ಉದ್ಯಾನ ಮಾಡಿತು. 2009ರಲ್ಲಿ ರಾಜ್ಯ ಸರಕಾರವೂ ತನ್ನದೇ ಜೈವಿಕ ಇಂಧನ ನೀತಿ ತಂದಿತು. ತಿಳಿವಳಿಕೆಗೆ ಇಲ್ಲಿ ಕೊರತೆಯಿಲ್ಲ. ಬೀಜ ಆಯುವ ಹೆಂಗಸಿಗೆ ಸರಿಯಾದ ಬೆಲೆ ಮುಟ್ಟಿಸುವ ಏರ್ಪಾಟಿನ ಕೊರತೆಯಿದೆ.

ಇನ್ನೊಂದು, ಕರಿದು ಉಳಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಆರೋಗ್ಯಕ್ಕೆ ಹಾನಿ. ಕೆಟ್ಟ ಅಂಶಗಳು ಶೇಕಡಾ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂದು 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ವಿಧಿಸಿದೆ; ಅದನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಕಾರ್ಯಕ್ರಮವನ್ನೂ ಅದೇ ವರ್ಷ ಆರಂಭಿಸಿತು. ಆದರೆ ಸಣ್ಣ ಹೋಟೆಲಿನವನ ಬಳಿ ಬರುವುದು ಹೆಚ್ಚಾಗಿ ಮಧ್ಯವರ್ತಿ. ಅವನು ಕೊಂಡ ಕರಿ ಎಣ್ಣೆ ಶೋಧನೆಯಾಗಿ ಇನ್ನೊಬ್ಬ ಬಡವನ ಬಾಣಲೆಗೆ ಹೋಗುವುದಿಲ್ಲವೆಂಬುದಕ್ಕೆ ಖಾತರಿಯೇನು? ದಂಡದ ಬೆದರಿಕೆಯಿಂದ ಇದು ನಿಲ್ಲದು. ನ್ಯಾಯವಾದ ಬೆಲೆಗೆ ಕೊಳ್ಳುವ ನಂಬಿಕೆಯ ಗಿರಾಕಿ ಇದ್ದರೆ ನಿಲ್ಲುತ್ತದೆ.

ಹೀಗಿರುವಲ್ಲಿ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರತಿಯೊಂದು ಜಿಲ್ಲಾ ಕೇಂದ್ರದಲ್ಲಿ ಇಂಧನ ಪರೀಕ್ಷೆಯ ಸೌಕರ್ಯವಿರಬೇಕು. ಜ್ವಲನಾಂಕ ಅಳೆಯುವುದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಆಗಬಲ್ಲ ಕೆಲಸ. ಖೋಟಾ ದ್ರಾವಕವೂ ಉಳಿಕೆ ಮೆಥನಾಲೂ ಬಹಳ ಮಟ್ಟಿಗೆ ಆ ಒಂದೇ ಪರೀಕ್ಷೆಯಲ್ಲಿ ಬಯಲಾಗುತ್ತವೆ. ಅದರ ಫಲಿತಾಂಶವನ್ನು, ದಿನಾಂಕದೊಡನೆ, ಕನ್ನಡದಲ್ಲಿ, ಬೆಲೆಯ ಫಲಕದ ಪಕ್ಕದಲ್ಲಿಯೇ ಪಂಪಿನವರು ತೂಗುಹಾಕಬೇಕು. ತಯಾರಿಕೆಯ ಶೆಡ್ಡುಗಳು ವಸತಿಯಿಂದ ದೂರವಿರಬೇಕು. ಮೆಥನಾಲಿನ ಪ್ರತಿ ಲೀಟರಿಗೆ ಒಳಬಂದದ್ದು, ಬಳಸಿದ್ದು, ಉಳಿದದ್ದು ಎಂದು ಲೆಕ್ಕವಿರಬೇಕು. ಕೆಲಸಗಾರನಿಗೆ ಕೈಗವಸು, ಕಣ್ಣಿನ ರಕ್ಷೆ, ತರಬೇತಿ, ವಿಮೆ ಇವು ಮಾಲೀಕನ ಔದಾರ್ಯವಾಗದೆ ಹಕ್ಕಾಗಬೇಕು. ಹೋಟೆಲು, ಬೇಕರಿ, ಖಾನಾವಳಿಯವರು ಸಹಕಾರ ಸಂಘ ಕಟ್ಟಿಕೊಂಡು ಕರಿದ ಎಣ್ಣೆಯನ್ನು ಒಟ್ಟಾಗಿ ಮಾರಲಿ. ಹೊಂಗೆ ಬೀಜ ಕೊಳ್ಳುವ ಹೊಣೆಯನ್ನು ಹಾಲಿನ ಸಂಘಗಳ ಮಾದರಿಯಲ್ಲಿ ಹಳ್ಳಿಯ ಸಂಘಗಳು ಹೊರಲಿ. ತಿನ್ನುವ ಎಣ್ಣೆಯಿಂದ ಇಂಧನ ಮಾಡುವುದಕ್ಕೂ ಗೋಮಾಳಕ್ಕೆ ಬೇಲಿ ಹಾಕುವುದಕ್ಕೂ ಸರಕಾರ ಅವಕಾಶ ಕೊಡಬಾರದು.

ಇದರಿಂದ ದೇಶದ ಡೀಸೆಲೆಲ್ಲ ನೀಗುತ್ತದೆಂದು ನಾವು ಹೇಳುವುದಿಲ್ಲ. ಕರಿದ ಎಣ್ಣೆಯೂ ಹೊಂಗೆಯೂ ಸೇರಿ ಅಲ್ಪ ಪಾಲನ್ನು ಮಾತ್ರ ತುಂಬಬಲ್ಲವು. ಆದರೆ ಆ ಅಲ್ಪವೂ ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿ, ನಮ್ಮವರ ಕೈಗೆ ಕೂಲಿ ಕೊಟ್ಟು, ನಮ್ಮ ಗಾಡಿಯಲ್ಲಿ ಉರಿದರೆ ಅದು ಸಣ್ಣ ಲಾಭವಲ್ಲ. ಅಲ್ಲಿಯ ತನಕ ವಾಚಕರಿಗೆ ನಮ್ಮ ಸಲಹೆ ಇಷ್ಟೆ. ರಸ್ತೆ ಬದಿಯಲ್ಲಿ ಅಗ್ಗದ ಎಣ್ಣೆ ಕಂಡಾಗ ಮೊದಲು ಬಿಲ್ಲು ಕೇಳಿ, ಪರೀಕ್ಷೆಯ ಕಾಗದ ಕೇಳಿ, ಎಲ್ಲಿಂದ ಬಂತೆಂದು ಕೇಳಿ. ಉತ್ತರ ಕೊಡಲಾರದವನ ಎಣ್ಣೆ ಎಷ್ಟು ಅಗ್ಗವಾದರೂ ದುಬಾರಿಯೇ. ಶೆಡ್ಡಿನಲ್ಲಿ ದುಡಿಯುವ ಬಂಧುಗಳೂ ಪೀಪಾಯಿಯಲ್ಲಿರುವುದೇನೆಂದು ಕೇಳಲಿ. ಹೇಳದ ಮಾಲೀಕನ ಪೀಪಾಯಿಯನ್ನು ಒಬ್ಬೊಬ್ಬರಾಗಿ ಅಲ್ಲ, ಸಂಘವಾಗಿ ನಿಂತು ಮುಟ್ಟದಿರಲಿ.